ಸೊನ್ನೆ ಎಂಟು ಒಂದು ಐದು

ಬಾಗೇಪಲ್ಲಿ 08150, ಮಾಲೂರು 08151, ಕೋಲಾರ 08152, ಬಂಗಾರಪೇಟೆ 08153, ಚಿಂತಾಮಣಿ 08154, ಗೌರಿಬಿದನೂರು 08155, ಚಿಕ್ಕಬಳ್ಳಾಪುರ 08156, ಶ್ರೀನಿವಾಸಪುರ 08157, ಶಿಡ್ಲಘಟ್ಟ 08158, ಮುಳಬಾಗಿಲು 08159. ಎಸ್‌ಟಿಡಿ ಬೂತುಗಳ ಕಾಲದಲ್ಲಿ ಅವಿಭಜಿತ ಕೋಲಾರ ಜಿಲ್ಲೆ ಟೆಲಿಫೋನಿನ ಲೆಕ್ಕದಲ್ಲಿ ಹೀಗೆ ಪಂಕ್ತಿ ಹಿಡಿದು ಕೂತಿತ್ತು. ಅಂಕಿ ಇರುವುದು ಹತ್ತು, ತಾಲ್ಲೂಕು ಇದ್ದದ್ದು ಹನ್ನೊಂದು. ಎಲೆ ಸಾಲದೆ ಹೋದದ್ದು ಗುಡಿಬಂಡೆಗೆ. ಪಾಪ, ಪುಟ್ಟ ತಾಲ್ಲೂಕು.

2007ರಲ್ಲಿ ಜಿಲ್ಲೆ ಎರಡಾಯಿತು. ಚಿಕ್ಕಬಳ್ಳಾಪುರಕ್ಕೆ ಬೇರೆ ಜಿಲ್ಲಾಧಿಕಾರಿ, ಬೇರೆ ಕಚೇರಿ, ಬೇರೆ ಬೋರ್ಡು ಬಂದವು. ಚಿಂತಾಮಣಿ, ಶಿಡ್ಲಘಟ್ಟಗಳು ಆ ಕಡೆ ಹೋದವು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ಕಡೆ ಉಳಿದವು. ಟೆಲಿಫೋನಿಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಅದರ ಪಾಲಿಗೆ ಇವತ್ತಿಗೂ 0815 ಅಂದರೆ ಒಂದೇ ಮನೆ.

ಇನ್ನೊಂದು ತಮಾಷೆಯಿದೆ. ಕರ್ನಾಟಕದ ಕೋಡುಗಳು 08ರಿಂದ ಶುರುವಾಗುತ್ತವೆ. ಮುಳಬಾಗಿಲಿನ ಆಚೆಗಿರುವ ಆಂಧ್ರದ ಚಿತ್ತೂರಿನದೂ 08ರಿಂದಲೇ: 08572. ಆದರೆ ಮಾಲೂರಿನ ಪಕ್ಕದಲ್ಲೇ ಇರುವ ಹೊಸೂರು 04ರ ವಂಶ: 04344. ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಈ ಸೀಮೆಯ ನಂಟಸ್ತಿಕೆ ಯಾವ ಕಡೆಗೆ ಹೆಚ್ಚು ಎಂಬುದನ್ನು ಯಾವನೋ ಎಂಜಿನಿಯರ್ ದೆಹಲಿಯಲ್ಲಿ ಕೂತು ಹೇಗೋ ಪತ್ತೆಹಚ್ಚಿದ್ದ ಎಂದು ಈ ಪ್ರಬಂಧಕಾರನಿಗೆ ಆಗಾಗ ಅನುಮಾನ ಬರುತ್ತದೆ.

ಪ್ರಬಂಧಕಾರ ಶ್ರೀನಿವಾಸಪುರದ ಕಡೆಯವನು. ಮಾವಿನ ತೋಪಿದ್ದ ಮನೆತನ. ತೋಪು ಈಗ ಅಣ್ಣತಮ್ಮಂದಿರಲ್ಲಿ ಹರಿದು ಹಂಚಿಹೋಗಿದೆ. ಅವನಿಗೆ ಬುದ್ಧಿ ಬಂದಾಗ ಊರಿನ ಫೋನಿಗೆ ಡಯಲ್ ಇರಲಿಲ್ಲ. ರಿಸೀವರ್ ಎತ್ತಿದರೆ ಎಕ್ಸ್‌ಚೇಂಜಿನ ಆಪರೇಟರ್ ಬರುತ್ತಿದ್ದರು. ಅವರಿಗೆ ನಂಬರ್ ಹೇಳುವುದು ಬರೀ ಮರ್ಯಾದೆಗೆ. ‘ಮಂಡಿ ಸಾಹುಕಾರರಿಗೆ ಕೊಡಿ’ ಅಂದರೆ ಸಾಕು, ‘ಅವರು ಕೋಲಾರಕ್ಕೆ ಹೋಗಿದಾರೆ, ಸಾಯಂಕಾಲ ಮಾಡಿ’ ಎಂಬ ಉತ್ತರವೂ ಅಲ್ಲೇ ಸಿಗುತ್ತಿತ್ತು. ಮಾವಿನ ಸುಗ್ಗಿಯಲ್ಲಿ ಮದ್ರಾಸಿಗೋ ಬೊಂಬಾಯಿಗೋ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಅದರಲ್ಲೂ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ಜಾತಿಗಳು. ಕಾಯಿ ಹಣ್ಣಾಗುವುದರೊಳಗೆ ರೇಟು ತಿಳಿಯಬೇಕಾದವರು ಲೈಟ್ನಿಂಗಿಗೆ ದುಡ್ಡು ತೆರುತ್ತಿದ್ದರು.

ಫೋನಿಲ್ಲದವರಿಗೂ ನಂಬರ್ ಇರುತ್ತಿತ್ತು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಮದುವೆ ಕಾಗದದಲ್ಲಿ, ಅಂಗಡಿ ಬಿಲ್ಲಿನಲ್ಲಿ ನಂಬರಿನ ಮುಂದೆ ‘ಪಿ.ಪಿ.’ ಎಂದು ಹಾಕಿದರೆ ಅದು ಪಕ್ಕದ ಮನೆಯದೋ ಎದುರಂಗಡಿಯದೋ ಎಂದು ಲೋಕವೇ ತಿಳಿದುಕೊಳ್ಳುತ್ತಿತ್ತು. ಒಂದು ನಂಬರು, ಒಂದು ಇಡೀ ಬೀದಿ. ಫೋನಿನ ಯಜಮಾನರ ಮಗ ಬೀದಿಯ ತುದಿಗೆ ಓಡಿ ‘ಬೆಂಗಳೂರಿಂದ ಫೋನು’ ಎಂದು ಕೂಗಿದರೆ ಮನೆಯಿಂದ ಒಬ್ಬರಲ್ಲ, ನಾಲ್ವರು ಹೊರಡುತ್ತಿದ್ದರು. ಯಂತ್ರಕ್ಕೆ ಗೊತ್ತಿದ್ದದ್ದು ಬೀದಿಯವರೆಗೆ. ಅಲ್ಲಿಂದ ಮುಂದಿನ ದಾರಿ ಆ ಹುಡುಗನ ಕಾಲಿಗೆ.

ಫೋನಿಗೆ ನಂಬರ್ ಬಂದದ್ದೇ ಒಂದು ದಡಾರದ ದೆಸೆಯಿಂದ. 1879ರಲ್ಲಿ ಅಮೆರಿಕದ ಲೋವೆಲ್ ಎಂಬ ಪಟ್ಟಣಕ್ಕೆ ದಡಾರ ಹಬ್ಬಿತು. ಅಲ್ಲಿನ ಎಕ್ಸ್‌ಚೇಂಜಿನಲ್ಲಿದ್ದ ನಾಲ್ವರು ಆಪರೇಟರುಗಳಿಗೆ ಊರವರ ಹೆಸರೆಲ್ಲ ಬಾಯಿಪಾಠ. ನಾಲ್ವರೂ ಒಟ್ಟಿಗೆ ಮಲಗಿಬಿಟ್ಟರೆ ಹೊಸಬರು ಯಾರ ತಂತಿಯನ್ನು ಯಾರಿಗೆ ಸಿಕ್ಕಿಸುವುದು ಎಂದು ಅಲ್ಲಿನ ವೈದ್ಯ ಮೋಸೆಸ್ ಗ್ರೀಲಿ ಪಾರ್ಕರ್‌ಗೆ ಚಿಂತೆ ಹತ್ತಿತು. ಹೆಸರಿನ ಬದಲು ಅಂಕಿ ಕೊಡಿ ಎಂದು ಸಲಹೆ ಕೊಟ್ಟ. ತಮ್ಮನ್ನು ಅಂಕಿಯಾಗಿಸಿದರೆ ಗಿರಾಕಿಗಳಿಗೆ ಅವಮಾನವಾದೀತು ಎಂದು ಕಂಪನಿ ಮೊದಮೊದಲು ಅಳುಕಿತಂತೆ. ಆಮೇಲೆ ಆಪರೇಟರನ್ನೇ ತೆಗೆದುಹಾಕುವ ಯಂತ್ರಕ್ಕೆ 1891ರಲ್ಲಿ ಪೇಟೆಂಟ್ ಪಡೆದವನು ಆಲ್ಮನ್ ಸ್ಟ್ರೌಜರ್, ಕಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯಾಪಾರ ಮಾಡುತ್ತಿದ್ದವನು. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ಎದುರಾಳಿಗೆ ತಿರುಗಿಸುತ್ತಿದ್ದಾಳೆ ಎಂಬ ಗುಮಾನಿಯೇ ಅವನನ್ನು ಯಂತ್ರಕ್ಕೆ ಹಚ್ಚಿತು ಎಂಬ ಕಥೆಯಿದೆ. ಹೆಣದ ವ್ಯಾಪಾರದಲ್ಲೂ ಪೈಪೋಟಿ.

ನಮ್ಮ ಹಳ್ಳಿಗಳಿಗೆ ಆ ಬದಲಾವಣೆ ತಂದ ಯಂತ್ರ ಮೊದಲು ಬಂದದ್ದು ಕರ್ನಾಟಕದ ಒಂದು ಊರಿಗೇ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ರೂಪಿಸಿದ 128 ಪೋರ್ಟಿನ ಎಕ್ಸ್‌ಚೇಂಜು ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ಕಿತ್ತೂರಿನಲ್ಲಿ. ಏರ್ ಕಂಡೀಷನ್ ಬೇಡ, ಧೂಳು ಸೆಕೆಗೆ ಹೆದರುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಅಂಥ ಪೆಟ್ಟಿಗೆಗಳು ತಾಲ್ಲೂಕು ತಾಲ್ಲೂಕಿಗೆ ಬಂದ ಮೇಲೆ ‘ಸಾಯಂಕಾಲ ಮಾಡಿ’ ಎನ್ನುವ ದನಿ ನಿಂತುಹೋಯಿತು. ಇಂದು ಕೋಲಾರದ ಸ್ಥಿರ ದೂರವಾಣಿಯ ಲೆಕ್ಕ ಸರಳ: ಮುಂದಿನ ಸೊನ್ನೆ ಬಿಟ್ಟರೆ ಕೋಡು ನಾಲ್ಕಂಕಿ, ಮನೆಯ ನಂಬರು ಆರಂಕಿ, ಒಟ್ಟು ಹತ್ತು. ಬೆಂಗಳೂರಿಗೆ ಕೋಡು ಎರಡೇ, ನಂಬರು ಎಂಟು. ದೊಡ್ಡವರ ವಿಳಾಸ ಚಿಕ್ಕದು ಎಂಬ ನಿಯಮ ಇಲ್ಲೂ ತಪ್ಪಿಲ್ಲ.

ಆದರೆ ಇದೆಲ್ಲ ಒಬ್ಬರಿಂದೊಬ್ಬರಿಗೆ ಹೋಗುವ ಮಾತು. ಒಂದೇ ತಂತಿಯಲ್ಲಿ ಹತ್ತಾರು ಜನ ಕೂತಿದ್ದರೆ ಯಾರನ್ನು ಕರೆಯುತ್ತಿದ್ದೇವೆ ಎಂದು ಹೇಳುವುದು ಹೇಗೆ? ಪ್ರಬಂಧಕಾರ ಇದನ್ನು ಮೊದಲು ಕಂಡದ್ದು ಮಾಲೂರು ಕಡೆಯ ಒಂದು ರೈಲ್ವೆ ಸ್ಟೇಷನ್ನಿನಲ್ಲಿ. ಸೋದರಮಾವನಿಗೆ ಅಲ್ಲಿ ಕೆಲಸ. ಬೇಸಿಗೆ ರಜಕ್ಕೆ ಹೋದವನಿಗೆ ಸ್ಟೇಷನ್ ಮಾಸ್ತರರ ಮೇಜಿನ ಕಂಟ್ರೋಲ್ ಫೋನೇ ಸಿನಿಮಾ. ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ 1864ರಲ್ಲೇ ಹಾಸಿದ ದಾರಿ ಅದು. ವೈಟ್‌ಫೀಲ್ಡ್, ದೇವನಗೊಂದಿ, ಮಾಲೂರು, ಟೇಕಲ್, ಬಂಗಾರಪೇಟೆ ಎಲ್ಲವೂ ಒಂದೇ ಸರ್ಕ್ಯೂಟಿನಲ್ಲಿ ಪೋಣಿಸಿಕೊಂಡಿರುತ್ತವೆ. ಸ್ಟೇಷನ್ನಿನವರು ಕಂಟ್ರೋಲರನ್ನು ಕರೆಯಲು ಏನನ್ನೂ ಒತ್ತಬೇಕಿಲ್ಲ. ಹ್ಯಾಂಡ್‌ಸೆಟ್ ಎತ್ತಿ ಗುಂಡಿ ಅದುಮಿ ಊರಿನ ಹೆಸರು ಹೇಳಿದರೆ ಆಯಿತು: ‘ಕಂಟ್ರೋಲ್, ಮಾಲೂರು!’ ಕಂಟ್ರೋಲರಿಗೆ ಮಾತ್ರ ಪ್ರತಿ ಸ್ಟೇಷನ್ನಿಗೂ ಒಂದೊಂದು ಕೋಡು ಇರುತ್ತದೆ. ಅದನ್ನು ಒತ್ತಿದರೆ ಆ ಸ್ಟೇಷನ್ನಿನಲ್ಲಿ ಮಾತ್ರ ಗಂಟೆ. ಕೆಲವು ಸ್ಟೇಷನ್ನುಗಳನ್ನು ಒಟ್ಟಿಗೆ ಎಬ್ಬಿಸಲು ಗುಂಪಿನ ಕೋಡು, ಎಲ್ಲರನ್ನೂ ಎಬ್ಬಿಸಲು ಜನರಲ್ ಕಾಲ್. ಸಂಜೆ ನಾಲ್ಕಕ್ಕೆ ಟೈಮ್ ಕೊಡುವಾಗ ಸಾಲಿನ ಗಡಿಯಾರಗಳೆಲ್ಲ ಒಟ್ಟಿಗೆ ತಿದ್ದಿಕೊಳ್ಳುತ್ತವೆ.

ಗಂಟೆ ಒಬ್ಬರಿಗೇ ಹೊಡೆದರೂ ಕಿವಿಗೆ ತಡೆಯಿಲ್ಲ. ಹ್ಯಾಂಡ್‌ಸೆಟ್ ಎತ್ತಿದವರಿಗೆಲ್ಲ ಎಲ್ಲವೂ ಕೇಳುತ್ತದೆ. ಗೂಡ್ಸ್ ಗಾಡಿ ಎಲ್ಲಿ ನಿಂತಿದೆ ಎಂಬುದರ ಜೊತೆಗೆ ಯಾರಿಗೆ ರಜ ಸಿಗಲಿಲ್ಲ ಎಂಬುದೂ ಮಾವನಿಗೆ ಗೊತ್ತಾಗುತ್ತಿದ್ದದ್ದು ಹೀಗೆ.

ಅದೇ ಸ್ಟೇಷನ್ನುಗಳಿಗೆ ಅಕ್ಷರದ ಇನ್ನೊಂದು ಗುರುತಿದೆ. ಮಾಲೂರು ಎಂ.ಎಲ್.ಓ. ಕೋಲಾರಕ್ಕೆ ಬಂದದ್ದು ಕೆ.ಕ್ಯೂ.ಝಡ್., ಊರಿನ ಹೆಸರಿನಲ್ಲಿ ಎಷ್ಟು ತಡಕಿದರೂ ಸಿಗದ ಎರಡಕ್ಷರಗಳೊಂದಿಗೆ. ಒಂದು ಗುರುತು ದೇಶದಲ್ಲಿ ಒಂದೇ ಕಡೆ ಇರಬೇಕು ಎಂಬ ಕಟ್ಟಳೆ ಇದ್ದಾಗ ಚೆಂದದ ಅಕ್ಷರಗಳು ಮೊದಲು ಬಂದವರಿಗೆ ಹೋಗುತ್ತವೆ. ಬಂಗಾರಪೇಟೆಯದು ಬಿ.ಡಬ್ಲ್ಯು.ಟಿ. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರಿನಲ್ಲಿ ಅದು ಬೌರಿಂಗ್‌ಪೇಟೆಯಾಗಿದ್ದ ಕಾಲದ ಗುರುತು. ಪೇಟೆ ಬಂಗಾರದ್ದಾಯಿತು, ಕೋಲಾರದ ಬಂಗಾರದ ಗಣಿಗೂ 2001ರಲ್ಲಿ ಬೀಗ ಬಿತ್ತು. ಟಿಕೆಟ್ಟಿನಲ್ಲಿ ಬೌರಿಂಗ್ ಸಾಹೇಬರು ಇನ್ನೂ ಇಳಿದಿಲ್ಲ. ಬೆಂಗಳೂರು ಸಿಟಿ ಸ್ಟೇಷನ್ ಸಂಗೊಳ್ಳಿ ರಾಯಣ್ಣನ ಹೆಸರು ಹೊತ್ತ ಮೇಲೂ ಎಸ್.ಬಿ.ಸಿ.ಯಾಗಿಯೇ ಉಳಿದಿದೆ. ಹೆಸರು ಬದಲಿಸಲು ಒಂದು ಆದೇಶ ಸಾಕು. ವಿಳಾಸ ಬದಲಿಸಬೇಕೆಂದರೆ ಅದನ್ನು ನಂಬಿಕೊಂಡಿರುವ ಪ್ರತಿಯೊಂದು ಯಂತ್ರಕ್ಕೂ ಹೊಸದಾಗಿ ತಿಳಿಸಿಹೇಳಬೇಕು. ಶ್ರೀನಿವಾಸಪುರ ಈ ಕಷ್ಟದಿಂದ ಪಾರಾದದ್ದು ಬೇಗ ಹೆಸರು ಬದಲಿಸಿಕೊಂಡದ್ದರಿಂದ. ಪಾಪನಪಲ್ಲಿಯಾಗಿದ್ದ ಊರಿಗೆ ದಿವಾನ್ ಪೂರ್ಣಯ್ಯ ತಮ್ಮ ಮಗನ ಹೆಸರಿಟ್ಟಾಗ ದೇಶಕ್ಕೆ ರೈಲೂ ಬಂದಿರಲಿಲ್ಲ, ತಂತಿಯೂ ಬಂದಿರಲಿಲ್ಲ.

ಈ ಸೀಮೆಯ ಮನುಷ್ಯರ ಹೆಸರುಗಳೂ ಹೀಗೆಯೇ ಕಟ್ಟಿದವು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ಹೆಸರಿನ ಮೊದಲ ಅಕ್ಷರ ದೇವನಹಳ್ಳಿಗೆ ಸೇರಿದ್ದು, ಎರಡನೆಯದು ತಂದೆ ವೆಂಕಟರಮಣಯ್ಯನವರಿಗೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಹೆಸರಿನಲ್ಲಿರುವ ಮೋಕ್ಷಗುಂಡಂ, ಪೂರ್ವಿಕರು ಆಂಧ್ರದಲ್ಲಿ ಬಿಟ್ಟುಬಂದ ಊರು. ಮಾಲೂರು ತಾಲ್ಲೂಕಿನ ಮಾಸ್ತಿ ಎಂಬ ಹಳ್ಳಿಯಂತೂ ವೆಂಕಟೇಶ ಅಯ್ಯಂಗಾರ್ಯರನ್ನೇ ಪಕ್ಕಕ್ಕೆ ಸರಿಸಿ ತಾನೇ ಮನುಷ್ಯನಾಗಿಬಿಟ್ಟಿತು. ಕನ್ನಡಿಗರು ಪ್ರೀತಿಯಿಂದ ‘ಮಾಸ್ತಿ’ ಎನ್ನುವುದು, ನೋಡಿದರೆ, ಒಂದು ಏರಿಯಾ ಕೋಡು.

ಓದು ಮುಗಿಸಿದ ಪ್ರಬಂಧಕಾರನಿಗೆ ಸಿಕ್ಕಿದ್ದು ಬೆಂಗಳೂರಿನ ಕಚೇರಿಯೊಂದರಲ್ಲಿ ಕಂಪ್ಯೂಟರುಗಳಿಗೆ ವಿಳಾಸ ಹಂಚುವ ಕೆಲಸ. ನೆಟ್‌ವರ್ಕಿಗೆ ಸೇರುವ ಪ್ರತಿ ಯಂತ್ರಕ್ಕೂ ಹುಟ್ಟಿನಿಂದಲೇ 48 ಬಿಟ್ಟುಗಳ ಒಂದು ಮ್ಯಾಕ್ ವಿಳಾಸ ಇರುತ್ತದೆ. ಮೊದಲರ್ಧ ಐಇಇಇ ಸಂಸ್ಥೆ ತಯಾರಕರಿಗೆ ಕೊಟ್ಟದ್ದು, ಉಳಿದರ್ಧ ತಯಾರಕರು ತಾವೇ ಹಾಕಿದ ಕ್ರಮಸಂಖ್ಯೆ: ಮನೆತನ ಮತ್ತು ಮಗು. ಹೀಗೆ ಒಟ್ಟು 281 ಲಕ್ಷ ಕೋಟಿ ವಿಳಾಸಗಳಾಗುತ್ತವೆ. ಅದರ ಮೇಲೆ ಕೂರುವ ಐಪಿ ವಿಳಾಸ ಬಾಡಿಗೆ ಮನೆ; ಯಂತ್ರ ಊರು ಬಿಟ್ಟರೆ ಅದೂ ಬದಲು. 192.168ರಿಂದ ಶುರುವಾಗುವ ವಿಳಾಸ ಮಾಲೂರಿನ ಹೆಂಚಿನ ಕಾರ್ಖಾನೆಯ ವೈಫೈನಲ್ಲೂ ಉಂಟು, ಮುಳಬಾಗಿಲಿನ ದೋಸೆ ಹೋಟೆಲಿನ ವೈಫೈನಲ್ಲೂ ಉಂಟು. ಹೊರಗೆ ಹೋಗುವ ಬಾಗಿಲಲ್ಲಿ ರೂಟರು ಅದನ್ನು ಬದಲಿಸಿ ಕಳಿಸುವುದರಿಂದ ಜಗಳವಿಲ್ಲ. ಒಳಗೇ ಇಬ್ಬರಿಗೆ ಒಂದೇ ವಿಳಾಸ ಬಿದ್ದರೆ ಜಗಳ. ಒಮ್ಮೆ ಆ ಕಚೇರಿಯಲ್ಲಿ ಎರಡು ಪ್ರಿಂಟರುಗಳಿಗೆ ಯಾರೋ ಒಂದೇ ವಿಳಾಸ ಬರೆದುಬಿಟ್ಟರು. ಮ್ಯಾನೇಜರರ ಕೋಣೆಯಲ್ಲಿ ಬರಬೇಕಾದ ಸಂಬಳದ ಪಟ್ಟಿ ಕ್ಯಾಂಟೀನಿನ ಪಕ್ಕದ ಪ್ರಿಂಟರಿನಲ್ಲಿ ಬಂತು. ಅಂದಿನ ಕಾಫಿ ಬಹಳ ಹೊತ್ತು ನಡೆಯಿತು.

ಅಲ್ಲಿದ್ದ ಹಿರಿಯರೊಬ್ಬರು ಹ್ಯಾಮ್ ರೇಡಿಯೋ ಹುಚ್ಚಿನವರು. ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾದವರಿಗೆ ಸಿಗುವ ಕರೆಸಂಕೇತ, ಜನರಲ್ ದರ್ಜೆಗೆ ವಿಯು2, ರಿಸ್ಟ್ರಿಕ್ಟೆಡ್ ದರ್ಜೆಗೆ ವಿಯು3 ಎಂದು ಶುರುವಾಗಿ ಮುಂದೆ ತಮ್ಮದೇ ಅಕ್ಷರಗಳನ್ನು ಹೊತ್ತಿರುತ್ತದೆ. ರಾಜೀವ್ ಗಾಂಧಿ ವಿಯು2ಆರ್‌ಜಿ ಆಗಿದ್ದರು. ವಿಟಿಎ ಇಂದ ವಿಡಬ್ಲ್ಯುಝಡ್‌ವರೆಗಿನ ಗುರುತುಗಳು ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಭಾರತದ ಪಾಲಿಗೆ ಬಂದವು. ನಮ್ಮ ವಿಮಾನಗಳ ಮೈಮೇಲಿನ ‘ವಿಟಿ’ಯೂ ಅದೇ ಗಂಟಿನದು. ಬೆಳಗಿನ ನೆಟ್, ಅಂದರೆ ಹ್ಯಾಮ್‌ಗಳ ರೇಡಿಯೋ ಕೂಟ, ಶುರುವಾದರೆ ಒಬ್ಬರು ನಿಯಂತ್ರಕರಾಗಿ ಹಾಜರಿ ಕೂಗುತ್ತಾರೆ. ಹೊಸ ಡಿಜಿಟಲ್ ಸೆಟ್ಟುಗಳಲ್ಲಿ, ಡಿಎಂಆರ್‌ನಲ್ಲಿ, ಅಕ್ಷರದ ಜೊತೆಗೆ ಏಳಂಕಿಯ ಸಂಖ್ಯೆಯೂ ಬೇಕು. ಭಾರತೀಯರದು 404ರಿಂದ ಶುರು, ಅದು ಮೊಬೈಲು ಲೋಕದಲ್ಲಿ ನಮ್ಮ ದೇಶದ ಕೋಡು. ಆ ಹಿರಿಯರ ಮನೆಯ ಹೆಸರು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಅವರು ಕರೆಸಂಕೇತದ ಕೊನೆಯ ಮೂರಕ್ಷರ.

ಮೊಬೈಲು ಬಂದ ಹೊಸತರಲ್ಲಿ ಗಡಿಯವರ ಪಾಡು ಬೇರೆ. ಮುಳಬಾಗಿಲು ದಾಟಿ ನಂಗಲಿಯ ಹತ್ತಿರ ಬಸ್ಸಿನಲ್ಲಿ ಕೂತಿದ್ದಂತೆಯೇ ಜೇಬಿನ ಫೋನು ಆಂಧ್ರಕ್ಕೆ ಸ್ವಾಗತ ಕೋರುತ್ತಿತ್ತು. ಮನುಷ್ಯ ಇನ್ನೂ ಕರ್ನಾಟಕದಲ್ಲಿ, ಸಿಮ್ಮು ಆಗಲೇ ರೋಮಿಂಗಿನಲ್ಲಿ. ಬಂದ ಕರೆಗೂ ದುಡ್ಡು. ಮಾಲೂರಿನ ಅಂಚಿನ ಹಳ್ಳಿಗಳಿಗೆ ಇದೇ ಕಾಟ ತಮಿಳುನಾಡಿನ ಟವರಿನಿಂದ. ತೋಟದ ಈ ಬದುವಿನಲ್ಲಿ ನಿಂತು ಮಾತಾಡಿದರೆ ಲೋಕಲ್, ಆ ಬದುವಿನಲ್ಲಿ ಪರರಾಜ್ಯ.

ಫೋನಿನ ಉಪಕರಣಕ್ಕೇ ಒಂದು ಜಾತಕವಿದೆ, ಹದಿನೈದಂಕಿಯ ಐಎಂಇಐ. ಅದಿಲ್ಲದ ಅಗ್ಗದ ‘ಚೈನಾ ಸೆಟ್ಟು’ಗಳ ಕರೆಯನ್ನು 2009ರ ಕೊನೆಯಲ್ಲಿ ಸರ್ಕಾರ ನಿಲ್ಲಿಸಿತು. ಎರಡು ಸಿಮ್ಮು, ನಾಲ್ಕು ಸ್ಪೀಕರಿನ ಆ ಸೆಟ್ಟುಗಳು ಸುಮ್ಮನಾದಾಗ ಎಷ್ಟೋ ಟ್ರಾಕ್ಟರುಗಳ ಹಾಡು ನಿಂತಿತು. ಜಾತಕ ಇದ್ದ ಮಾತ್ರಕ್ಕೆ ನಂಬುವಂತಿಲ್ಲ. 2020ರಲ್ಲಿ ಮೀರತ್ ಪೊಲೀಸರು ತನಿಖೆ ಮಾಡಿದಾಗ 13,500ಕ್ಕೂ ಹೆಚ್ಚು ಫೋನುಗಳು ಒಂದೇ ಐಎಂಇಐನಲ್ಲಿ ಓಡಾಡುತ್ತಿದ್ದವು.

ಈಗ ಶ್ರೀನಿವಾಸಪುರದ ಮಾವು ಮಾತಾಡುವುದು ವಾಟ್ಸಾಪಿನಲ್ಲಿ. ಒಂದು ಗುಂಪಿಗೆ 1,024 ಜನರವರೆಗೆ ಸೇರಬಹುದು. ಯಂತ್ರಕ್ಕೆ ಪ್ರತಿಯೊಬ್ಬರೂ ಹತ್ತಂಕಿ. ಮನುಷ್ಯರಿಗೆ ಹತ್ತಂಕಿ ಸಾಲದು. ಪ್ರಬಂಧಕಾರ ಇರುವ ತೋಪಿನವರ ಗುಂಪಿನಲ್ಲಿ ಒಂದೇ ಹೆಸರಿನವರು ಹಲವರಿದ್ದರು. ಹೆಸರು ಇಲ್ಲಿ ಬೇಡ. ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಕೂಗಿದರೆ ಕಾಲುಭಾಗ ಜನ ತಿರುಗಿ ನೋಡುವಂಥದ್ದು. ಅಡ್ಮಿನ್ ಹುಡುಗ ಜಾಣ. ಎಲ್ಲರೂ ಹೆಸರಿನ ಹಿಂದೆ ಊರು ಹಾಕಿಕೊಳ್ಳಬೇಕು ಎಂದು ಕಾನೂನು ಮಾಡಿದ. ಒಂದೇ ಊರಿನ ಇಬ್ಬರು ಉಳಿದರು. ತಂದೆಯ ಹೆಸರು ಹಾಕೋಣವೆಂದರೆ ಅದೂ ಒಂದೇ. ಒಂದು, ಎರಡು ಎಂದು ಸಂಖ್ಯೆ ಕೊಡಲು ಹೋದಾಗ ಎರಡಾಗಲು ಯಾರೂ ಒಪ್ಪಲಿಲ್ಲ. ಒಬ್ಬರು ಗುಂಪು ಬಿಟ್ಟೇಬಿಡುತ್ತೇನೆ ಎಂದರು. ಕೊನೆಗೆ ತೋಪಿನಲ್ಲಿದ್ದ ತಳಿ ನೋಡಿ ಒಬ್ಬರನ್ನು ಬಾದಾಮಿ, ಇನ್ನೊಬ್ಬರನ್ನು ತೋತಾಪುರಿ ಎಂದು ಉಳಿದವರೆಲ್ಲ ಸೇವ್ ಮಾಡಿಕೊಂಡರು. ಬೆಲೆ ಬಿದ್ದ ಒಂದು ವರ್ಷ ತೋತಾಪುರಿಯವರು ಮರಗಳನ್ನೆಲ್ಲ ಕಡಿಸಿ ಟೊಮೆಟೊ ಹಾಕಿದರು. ಕೋಲಾರದ ಎಪಿಎಂಸಿಗೆ ಕ್ರೇಟು ಹೊರಡಿಸುವ ಬೆಳಿಗ್ಗೆ ಅವರ ರೇಟಿನ ಮೆಸೇಜು ಈಗಲೂ ಬರುತ್ತದೆ, ಪ್ರಬಂಧಕಾರನ ಫೋನಿನಲ್ಲಿ ತೋತಾಪುರಿ ಎಂದೇ.