ಎರಡನೇ ಹಾರ್ಡ್ ಡಿಸ್ಕ್ ಮತ್ತು ಸಿಗದ ಕಡತ

ಗೆಳೆಯರೇ, ಉದ್ದದ ಪೋಸ್ಟ್ ಇದು. ಕಂಪ್ಯೂಟರ್‌ಗೆ ಹಾರ್ಡ್ ಡಿಸ್ಕ್ ಹಾಕೋದರ ಬಗ್ಗೆ. ಅರ್ಧಕ್ಕೆ ಬಿಡಬೇಡಿ, ಯಾಕಂದ್ರೆ ಇದು ನಮ್ಮ ಜಮೀನಿನ ವಿಷಯವೂ ಹೌದು.

ನಮ್ಮ ಸಂಘಟನೆಯ ಡೆಸ್ಕ್‌ಟಾಪ್‌ನಲ್ಲಿ ಇದ್ದದ್ದು 500 ಜಿಬಿ ಹಾರ್ಡ್ ಡಿಸ್ಕ್. ಹತ್ತು ವರ್ಷದಿಂದ ಅದರೊಳಕ್ಕೆ ತುಂಬಿದ್ದೀವಿ. ಎಫ್‌ಐಆರ್ ಪ್ರತಿ, ಪಹಣಿ, ಸಾಗುವಳಿ ಚೀಟಿ, ಆರ್‌ಟಿಐ ಉತ್ತರ, ಧರಣಿ ವಿಡಿಯೊ, ಹಟ್ಟಿಯ ಅಜ್ಜಿಯರು ಹಾಡಿದ ಸೋಬಾನೆ ಪದ. ಕಳೆದ ತಿಂಗಳು ಜಾಗ ಮುಗೀತು. ಸಭೇಲಿ ಒಬ್ಬ ತಮ್ಮ, "ಅಣ್ಣ, ಮುಗಿದ ಕೇಸುಗಳದ್ದೆಲ್ಲ ಅಳಿಸಿಬಿಡೋಣ" ಅಂದ. "ಮುಗಿದ ಕೇಸು ಯಾವುದಪ್ಪ, ಒಂದು ಹೇಳು" ಅಂದೆ. ಯಾರೂ ಬಾಯಿ ಬಿಡಲಿಲ್ಲ.

ಪಿಟಿಸಿಎಲ್ ಕಾಯ್ದೆಯನ್ನೇ ತಗೊಳ್ಳಿ. 1978ರ ಕಾಯ್ದೆ. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನು ಅನುಮತಿ ಇಲ್ಲದೆ ಮಾರಾಟವಾಗಿದ್ದರೆ ಅದನ್ನ ವಾಪಸ್ ಕೊಡಿಸಬೇಕು ಅನ್ನುತ್ತೆ. 2017ರಲ್ಲಿ ಸುಪ್ರೀಂ ಕೋರ್ಟ್ ವಿಪರೀತ ತಡವಾಗಿ ಬಂದ ಅರ್ಜಿ ನಡೆಯಲ್ಲ ಅಂದಿತು. ಆಮೇಲೆ ನಮ್ಮೋರ ಎಷ್ಟೋ ಅರ್ಜಿಗಳು ಬಿದ್ದುಹೋದವು. ಬೀದಿಗಿಳಿದು ಹೋರಾಡಿದ ಮೇಲೆ 2023ರಲ್ಲಿ ತಿದ್ದುಪಡಿ ಬಂತು, ಅರ್ಜಿ ಹಾಕೋಕೆ ಕಾಲಮಿತಿ ಇಲ್ಲ ಅಂತ. ಅಲ್ಲಿಗೆ ಯಾವುದನ್ನ ನಾವು ಮುಗೀತು ಅಂದುಕೊಂಡಿದ್ವೋ ಅದೇ ಕೇಸಿನ ಕಾಗದ ಮತ್ತೆ ಬೇಕಾಯ್ತು.

ನಮ್ಮ ಕಡೆಯ ಒಬ್ಬ ಅಜ್ಜಿಯ ಕಥೆ ಹೇಳ್ತೀನಿ. ಗಂಡನಿಗೆ ದರಖಾಸ್ತಿನಲ್ಲಿ ಎರಡು ಎಕರೆ ಸಿಕ್ಕಿತ್ತು. ಕಷ್ಟಕಾಲದಲ್ಲಿ ಯಾರೋ ಹೆಬ್ಬೆಟ್ಟು ಒತ್ತಿಸ್ಕೊಂಡು ಬರೆಸ್ಕೊಂಡರು. ಈಗ ಅರ್ಜಿ ಹಾಕೋಣ ಅಂತ ಮಂಜೂರಾತಿ ಕಡತ ಕೇಳಿದರೆ ಕಚೇರಿಯ ಉತ್ತರ ಒಂದೇ ಸಾಲು. "ಸದರಿ ಕಡತ ಲಭ್ಯವಿರುವುದಿಲ್ಲ." ಮನೇಲಿದ್ದ ಮೂಲ ಸಾಗುವಳಿ ಚೀಟಿಯನ್ನ ಗೆದ್ದಲು ತಿಂದಿತ್ತು. ಆದರೆ ಕೆಲವು ವರ್ಷದ ಹಿಂದೆ ನಮ್ಮ ಹುಡುಗರು ಎರವಲು ಸ್ಕ್ಯಾನರ್ ಹಿಡ್ಕೊಂಡು ಹಟ್ಟಿ ಹಟ್ಟಿ ತಿರುಗಿದ್ದರು. ಆ ಫೋಲ್ಡರ್‌ನಲ್ಲಿ ಅಜ್ಜಿಯ ಚೀಟಿ ಇತ್ತು. ಅದರ ಮೇಲಿದ್ದ ಆದೇಶದ ನಂಬರು, ತಾರೀಕು ಬರೆದು ಮತ್ತೆ ಅರ್ಜಿ ಕೊಟ್ಟ ಮೇಲೆ ದರಖಾಸ್ತು ರಿಜಿಸ್ಟರಿನಲ್ಲಿ ಅದೇ ನಂಬರು ಸಿಕ್ಕಿತು. ಜಮೀನು ಇನ್ನೂ ಕೈಗೆ ಬಂದಿಲ್ಲ. ಆದರೆ "ನಿಮಗೆ ಮಂಜೂರೇ ಆಗಿಲ್ಲ" ಅಂತ ಈಗ ಯಾರೂ ಹೇಳಂಗಿಲ್ಲ.

ಅದಕ್ಕೇ ಅಳಿಸೋದು ಬೇಡ, ಇನ್ನೊಂದು ಹಾರ್ಡ್ ಡಿಸ್ಕ್ ಹಾಕೋಣ ಅಂತ ತೀರ್ಮಾನ ಆಯ್ತು. ಚಂದಾ ಎತ್ತಿ 4 ಟಿಬಿದು ತಂದೆವು. ಹಾಕಿದ್ದು ನಮ್ಮ ಪೌರಕಾರ್ಮಿಕರೊಬ್ಬರ ಮಗಳು, ಬಿಕಾಂ ಓದ್ತಿದ್ದಾಳೆ. ಅವಳು ಹೇಳಿಕೊಟ್ಟ ಹಂಗೇ ಬರೀತೀನಿ, ನೀವೂ ಮಾಡಬಹುದು.

ಡಿಸ್ಕ್ ಕೊಳ್ಳೋ ಮೊದಲೇ ಸಿಪಿಯು ಡಬ್ಬ ಬಿಚ್ಚಿ ನೋಡಿ. ಮದರ್‌ಬೋರ್ಡಿನಲ್ಲಿ ಸಾಟಾ ಪೋರ್ಟ್ ಖಾಲಿ ಇದೆಯಾ, ಎಸ್‌ಎಂಪಿಎಸ್‌ನಿಂದ ಬರೋ ವೈರುಗಳಲ್ಲಿ ಒಂದು ಸಾಟಾ ಪವರ್ ಪಿನ್ ಬಿಡುವಾಗಿದೆಯಾ ಅಂತ. ಡೆಸ್ಕ್‌ಟಾಪ್‌ಗೆ 3.5 ಇಂಚಿನ ಡಿಸ್ಕ್. ಸಾಟಾ ಡೇಟಾ ಕೇಬಲ್ ಎಷ್ಟೋ ಸಲ ಜೊತೆಗೆ ಕೊಡಲ್ಲ, ಕೇಳಿ ತಗೊಳ್ಳಿ. ಕೆಲಸ ಶುರು ಮಾಡೋವಾಗ ಶಟ್‌ಡೌನ್ ಮಾಡಿದರೆ ಸಾಲದು, ಪವರ್ ಕೇಬಲ್ ಕಿತ್ತಿಡಿ. ಡಬ್ಬದ ಬಣ್ಣ ಇಲ್ಲದ ಕಬ್ಬಿಣ ಒಂದು ಸಲ ಮುಟ್ಟಿ, ಮೈಯಲ್ಲಿರೋ ಸ್ಟ್ಯಾಟಿಕ್ ಕರೆಂಟ್ ಇಳಿದುಹೋಗುತ್ತೆ. ಡಿಸ್ಕನ್ನ ಖಾಲಿ ಗೂಡಿಗೆ ತಳ್ಳಿ ನಾಲ್ಕು ಸ್ಕ್ರೂ ಬಿಗಿ ಮಾಡಿ, ಅಲ್ಲಾಡಬಾರದು. ಎರಡು ಕೇಬಲ್ ಸಿಕ್ಕಿಸಿ. ಅದರ ಬಾಯಿ ಎಲ್ ಆಕಾರದಲ್ಲಿರುತ್ತೆ, ಒಂದೇ ಕಡೆಯಿಂದ ಕೂರೋದು. ಬಲವಂತ ಮಾಡಬೇಡಿ.

ಆನ್ ಮಾಡಿದ ಕೂಡಲೇ ಹೊಸ ಡ್ರೈವ್ ಕಾಣಲ್ಲ. ಗಾಬರಿ ಬೇಡ. ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋದರೆ ಇನಿಶಿಯಲೈಜ್ ಮಾಡಬೇಕಾ ಅಂತ ಕೇಳುತ್ತೆ. ಜಿಪಿಟಿ ಆರಿಸಿ. ಎಂಬಿಆರ್ ಅನ್ನೋ ಹಳೇ ಲೆಕ್ಕದಲ್ಲಿ 2 ಟಿಬಿ ಮೇಲಿನ ಜಾಗ ಬಳಸೋಕಾಗಲ್ಲ. ಆಮೇಲೆ ನ್ಯೂ ಸಿಂಪಲ್ ವಾಲ್ಯೂಮ್, ಎನ್‌ಟಿಎಫ್‌ಎಸ್, ಒಂದು ಅಕ್ಷರ, ಅಷ್ಟೇ. 4 ಟಿಬಿ ಅಂತ ಕೊಟ್ಟಿದ್ದು 3.63 ಅಂತ ತೋರಿಸಿದಾಗ ನಮ್ಮ ಹಿರಿಯರೊಬ್ಬರು "ಅಂಗಡಿಯೋನು ಟೋಪಿ ಹಾಕಿದ" ಅಂದರು. ಇಲ್ಲ. ಕಂಪನಿಯೋರು ಸಾವಿರದ ಲೆಕ್ಕ ಹಿಡೀತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತೆ.

ಒಂದು ಎಚ್ಚರಿಕೆ. ಇದು ಖಾಲಿ ಹೊಸ ಡಿಸ್ಕಿನ ಮಾತು. ಹಳೇ ಕಂಪ್ಯೂಟರಿಂದ ಕಿತ್ತು ತಂದ, ದಾಖಲೆ ಇರೋ ಡಿಸ್ಕ್ ಹಾಕಿದಾಗ ಇನಿಶಿಯಲೈಜ್, ಫಾರ್ಮ್ಯಾಟ್ ಅಂತ ಕೇಳಿದರೆ ಒತ್ತಲೇಬೇಡಿ. ತಿಳಿದೋರಿಗೆ ತೋರಿಸಿ.

ಇನ್ನೂ ಮುಖ್ಯದ್ದು ಇದೆ. ಒಂದೇ ಡಬ್ಬದೊಳಗೆ ಎರಡು ಡಿಸ್ಕ್ ಇದ್ದರೆ ಅದು ಬ್ಯಾಕಪ್ ಆಗಲ್ಲ, ಜಾಗ ಜಾಸ್ತಿ ಆಗುತ್ತೆ ಅಷ್ಟೇ. ಸಿಡಿಲು ಬಡಿದು ಎಸ್‌ಎಂಪಿಎಸ್ ಸುಟ್ಟರೆ ಎರಡೂ ಹೋಗಬಹುದು. ಕಳ್ಳ ಬಂದರೂ, ಪೊಲೀಸರು ಜಪ್ತಿ ಮಾಡಿದರೂ ಡಬ್ಬನೇ ಎತ್ಕೊಂಡು ಹೋಗ್ತಾರೆ. ಆದ್ದರಿಂದ ಮೂರು ಪ್ರತಿ ಇರಲಿ, ಒಂದು ಪ್ರತಿ ಬೇರೆ ಊರಿನಲ್ಲಿ, ನಂಬಿಕಸ್ತರ ಮನೇಲಿ ಇರಲಿ.

ದೌರ್ಜನ್ಯದ ವಿಡಿಯೊ ಇದ್ದರೆ ಇನ್ನೂ ಹುಷಾರು. ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊ ಕುಗ್ಗಿರುತ್ತೆ, ತೆಗೆದ ತಾರೀಕು ಸಮಯದ ವಿವರ ಉಳಿಯಲ್ಲ. ಫೋನಿಂದ ಕೇಬಲ್ ಹಾಕಿ ನೇರ ಕಾಪಿ ಮಾಡಿ. ಮೂಲ ಫೋನು, ಮೆಮೊರಿ ಕಾರ್ಡು ಜೋಪಾನವಾಗಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಸಾಕ್ಷ್ಯದ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ವ್ಯಾಲ್ಯೂ ಬರೀಬೇಕು. ಹ್ಯಾಶ್ ಅಂದ್ರೆ ಫೈಲಿನ ಹೆಬ್ಬೆಟ್ಟು ಇದ್ದಂಗೆ. ಫೈಲ್ ಒಂಚೂರು ಬದಲಾದರೂ ಹೆಬ್ಬೆಟ್ಟು ಬದಲಾಗುತ್ತೆ. ವಕೀಲರನ್ನ ಕೇಳ್ಕೊಂಡು ಮಾಡಿ. ನೊಂದ ಹೆಣ್ಣುಮಕ್ಕಳ ಹೆಸರು, ಮುಖ ಇರೋ ಫೈಲು ಬೇರೆ ಫೋಲ್ಡರ್‌ನಲ್ಲಿ, ಪಾಸ್‌ವರ್ಡ್ ಹಾಕಿ ಇಡಿ. ಹೋರಾಟದ ಹೆಸರಲ್ಲಿ ಅವನ್ನ ಗ್ರೂಪಿಗೆ ಬಿಡೋ ಹಕ್ಕು ನಮಗಿಲ್ಲ.

"ಇಷ್ಟೆಲ್ಲ ಯಾಕಣ್ಣ, ಸರ್ಕಾರದ ಹತ್ತಿರ ಇರುತ್ತಲ್ಲ" ಅನ್ನೋರಿಗೆ ಒಂದು ಮಾತು. ಪುಸ್ತಕ ಇಡೋಕೆ ಅಂತಲೇ ದಾದರಿನಲ್ಲಿ ರಾಜಗೃಹ ಕಟ್ಟಿಸಿದವರು ಬಾಬಾಸಾಹೇಬರು. ಅವರು ತೀರಿಕೊಂಡಿದ್ದು 1956ರಲ್ಲಿ. ಮಹಾರಾಷ್ಟ್ರ ಸರ್ಕಾರ ಅವರ ಬರಹ ಭಾಷಣಗಳ ಮೊದಲ ಸಂಪುಟ ತಂದಿದ್ದು 1979ರಲ್ಲಿ. ಹಿಂದೂ ಧರ್ಮದ ಒಗಟುಗಳ ಬಗ್ಗೆ ಅವರು ಬರೆದಿಟ್ಟ ಹಸ್ತಪ್ರತಿ ಅಚ್ಚಾಗೋಕೆ 1987 ಆಗಬೇಕಾಯ್ತು, ಅದಕ್ಕೂ ಗಲಾಟೆ ಆಯ್ತು. ಸಂವಿಧಾನ ಬರೆದವರ ಕಾಗದಕ್ಕೇ ಇಷ್ಟು ಕಾಯಬೇಕಾದರೆ ನಿಮ್ಮಜ್ಜನ ಸಾಗುವಳಿ ಚೀಟಿನ ಯಾರು ಕಾಯ್ತಾರೆ?

ಓದಿದ ತಮ್ಮ ತಂಗಿಯರಲ್ಲಿ ಒಂದು ಕೋರಿಕೆ. ಈ ಭಾನುವಾರ ಊರಿಗೆ ಹೋದಾಗ ಅವ್ವನ ಟ್ರಂಕ್ ತೆಗೆಸಿ. ಚೀಟಿ, ಹಕ್ಕುಪತ್ರ, ಕಂದಾಯ ರಸೀದಿ, ಹಳೇ ಫೋಟೊ ಏನಿದ್ದರೂ ಒಂದೊಂದೇ ಸ್ಕ್ಯಾನ್ ಮಾಡಿ. ಫೈಲಿಗೆ ಊರು, ಸರ್ವೆ ನಂಬರು, ಇಸವಿ, ಹೆಸರು ಕೊಡಿ. ಬರೀ "ಸ್ಕ್ಯಾನ್ 17" ಅಂತ ಇಟ್ಟರೆ ಹತ್ತು ವರ್ಷದ ಮೇಲೆ ನಿಮಗೇ ಸಿಗಲ್ಲ. ಮೂಲವನ್ನ ಅವ್ವನ ಕೈಗೇ ವಾಪಸ್ ಕೊಡಿ, ಯಾರಿಗೂ ಬಿಟ್ಟುಕೊಡಬೇಡ ಅಂತ ಹೇಳಿ. ನಿಮ್ಮ ತಾಲ್ಲೂಕಿನಲ್ಲಿ ಡಿಸ್ಕ್ ಹಾಕೋಕೆ ಗೊತ್ತಿರೋ ಹುಡುಗ ಹುಡುಗಿಯರಿದ್ದರೆ ಕಾಮೆಂಟ್‌ನಲ್ಲಿ ತಾಲ್ಲೂಕಿನ ಹೆಸರು ಮಾತ್ರ ಬರೀರಿ, ಮಿಕ್ಕಿದ್ದು ಇನ್‌ಬಾಕ್ಸ್‌ನಲ್ಲಿ ಮಾತಾಡೋಣ.

ಜೈ ಭೀಮ್.