ಮದ್ದು ಬೇರೆ, ಮಾಟ ಬೇರೆ

ಓವಾಂಬೊ ಜನರ ನಾಟಿವೈದ್ಯರ ಬಗ್ಗೆ ಓದುವಾಗ ನಮ್ಮಲ್ಲೇ ಎರಡು ಗುಂಪಾಯಿತು. ನಮೀಬಿಯದ ಉತ್ತರದ ಈ ಜನ ಅವರನ್ನು ‘ಒಂಗಾಂಗ’ ಎನ್ನುತ್ತಾರೆ. ಬೇರು, ತೊಗಟೆಯ ಮದ್ದು ಕೊಡುವವರೂ ಅವರೇ. ಕಾಯಿಲೆಗೆ ಯಾರ ಮಾಟ ಕಾರಣವೆಂದು ಹೇಳುವವರೂ ಅವರೇ. 1870ರಲ್ಲಿ ಬಂದ ಫಿನ್ಲೆಂಡಿನ ಮಿಷನರಿಗಳು ಅವರನ್ನು ವಿರೋಧಿಸಿದರು, 1911ರಲ್ಲಿ ಡಾ. ಸೆಲ್ಮಾ ರೈನಿಯೊ ಒನಾಂಜೋಕ್ವೆಯಲ್ಲಿ ಆಸ್ಪತ್ರೆ ತೆರೆದರು. ಇಂದು ಚರ್ಚಿಗೂ ಆಸ್ಪತ್ರೆಗೂ ಹೋಗುವವರಲ್ಲೇ ಕೆಲವರು ಒಂಗಾಂಗರ ಬಳಿಗೂ ಹೋಗುತ್ತಾರೆ.

ನಮ್ಮಲ್ಲಿ ಕೆಲವರು ಇದನ್ನು ಪರಂಪರೆಯ ಜ್ಞಾನವೆಂದರು, ಉಳಿದವರು ಮೂಢನಂಬಿಕೆಯೆಂದರು. ವಾದ ಮುಗಿದಾಗ ಗೊತ್ತಾಯಿತು, ನಾವು ಮಾತಾಡಿದ್ದು ಎರಡು ಬೇರೆ ಬೇರೆ ವಿಷಯ. ಮದ್ದನ್ನು ಪರೀಕ್ಷಿಸಿ ನೋಡಬಹುದು. ಆದರೆ ಮಾಟಗಾತಿ ಎಂಬ ಆರೋಪ ಹೊತ್ತ ಮುದುಕಿಗೆ ಅದು ಸುಳ್ಳೆಂದು ತೋರಿಸುವ ದಾರಿಯೇ ಇಲ್ಲ. ಇನ್ನು ವರದಿ ಬರೆಯುವಾಗ ಇವೆರಡಕ್ಕೂ ಒಂದೇ ಪದ ಬಳಸಬಾರದು ಎಂದುಕೊಂಡಿದ್ದೇವೆ.