ವಕಾಲತ್ತಿಗೆ ಸಹಿ ಹಾಕುವ ಮುನ್ನ

ರಸ್ತೆ ಅಪಘಾತದ ಪರಿಹಾರದ ಅರ್ಜಿಗಳನ್ನು ನಮ್ಮ ಕೋರ್ಟುಗಳಲ್ಲಿ ‘ಎಂವಿಸಿ’ ಎಂದೇ ಕರೆಯುತ್ತಾರೆ. ಎಂಬತ್ತರ ದಶಕದಲ್ಲಿ ಎಂವಿಸಿ ನಡೆಸುವ ವಕೀಲರಿಗೆ ಬಾರ್ ಅಸೋಸಿಯೇಷನ್ನಿನಲ್ಲಿ ಅಂಥ ಮರ್ಯಾದೆಯೇನೂ ಇರಲಿಲ್ಲ. ಜಮೀನಿನ ದಾವೆ, ಪಾಲಿನ ದಾವೆ ನಡೆಸುವವರೇ ದೊಡ್ಡ ವಕೀಲರು. ಇವತ್ತು ತಾಲ್ಲೂಕು ಕೇಂದ್ರದ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆಯೂ ಎಂವಿಸಿಗಳ ಸಾಲಿದೆ. ಬೆಂಗಳೂರಿನ ಸ್ಮಾಲ್ ಕಾಸಸ್ ಕೋರ್ಟಿನ ಹಾಲುಗಳು ತುಂಬುವುದೇ ಅವುಗಳಿಂದ. ಈ ಅವಧಿಯಲ್ಲಿ ಕಾನೂನು ಬದಲಾಯಿತು, ಪರಿಹಾರದ ಲೆಕ್ಕ ಬದಲಾಯಿತು, ವಕೀಲರು ಮಾಡಬೇಕಾದ ಕೆಲಸವೂ ಬದಲಾಯಿತು. ಫೀಸು ಕೇಳುವ ರೀತಿ ಮಾತ್ರ ಹಾಗೇ ಉಳಿಯಿತು: ಬಂದದ್ದರಲ್ಲಿ ನೂರಕ್ಕೆ ಇಷ್ಟು. ಈ ಪಾಲಿನ ಒಪ್ಪಂದಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು, ಈಗ ಅದರ ಬಹುಪಾಲು ಕಾರಣಗಳು ಸವೆದುಹೋಗಿವೆ ಎಂಬುದು ಈ ಕಸುಬನ್ನು ಹತ್ತಿರದಿಂದ ನೋಡುತ್ತ ಬಂದ ನನ್ನ ಅಭಿಪ್ರಾಯ.

ಹಳೆಯ ಸ್ಥಿತಿಯನ್ನು ಮೊದಲು ನೋಡೋಣ. ಆಗ ಜಾರಿಯಲ್ಲಿದ್ದದ್ದು 1939ರ ಮೋಟಾರು ವಾಹನ ಕಾಯ್ದೆ. 1956ರ ತಿದ್ದುಪಡಿಯಿಂದ ಕ್ಲೇಮು ನ್ಯಾಯಮಂಡಳಿಗಳು ಬಂದಿದ್ದವಾದರೂ ವಿಮಾ ಕಂಪನಿಯ ಹೊಣೆಗೆ ಮಿತಿಯಿತ್ತು. ಸರಕು ಲಾರಿಯ ವಿಷಯದಲ್ಲಿ ಅದು ಬಹುಕಾಲ 50,000 ರೂಪಾಯಿ, 1982ರ ತಿದ್ದುಪಡಿಯ ನಂತರ ಒಂದೂವರೆ ಲಕ್ಷ. ಅದಕ್ಕಿಂತ ಹೆಚ್ಚಿನದನ್ನು ಲಾರಿ ಮಾಲೀಕನಿಂದಲೇ ವಸೂಲು ಮಾಡಬೇಕು. ಅವನ ಹೆಸರಿನಲ್ಲಿ ಆ ಲಾರಿಯ ಹೊರತು ಬೇರೇನೂ ಇಲ್ಲದಿದ್ದರೆ ತೀರ್ಪು ಕಾಗದದಲ್ಲೇ ಉಳಿಯುತ್ತಿತ್ತು. ಅರ್ಜಿಯನ್ನು ಅಪಘಾತ ನಡೆದ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ, ಆರು ತಿಂಗಳೊಳಗೆ ಹಾಕಬೇಕಿತ್ತು. ತುಮಕೂರಿನ ಬಳಿ ಪೆಟ್ಟು ತಿಂದ ರಾಯಚೂರಿನ ಕೂಲಿಯವನು ಪ್ರತಿ ವಾಯಿದೆಗೂ ತುಮಕೂರಿಗೇ ಬರಬೇಕು. ಮೇಲ್ಮನವಿಗೆ ಎಲ್ಲರಿಗೂ ಬೆಂಗಳೂರೇ ಗತಿ. ಸಾರಿಗೆ ಸಂಸ್ಥೆಯ ಬಸ್ಸಾದರೆ ತೀರ್ಪಾದ ಮೇಲೂ ಹಣ ಬಾರದೆ ಅಮಲ್ಜಾರಿ ಹಾಕಿ, ಕೋರ್ಟಿನ ಅಮೀನರು ಬಸ್ ನಿಲ್ದಾಣಕ್ಕೆ ಹೋಗಿ ಬಸ್ಸನ್ನೇ ಜಪ್ತಿ ಮಾಡಿ ತರುವವರೆಗೂ ವಿಷಯ ಹೋಗುತ್ತಿತ್ತು. ಇಂಥ ಕೇಸನ್ನು ವಕೀಲರು ಕೈಯಿಂದ ಖರ್ಚು ಹಾಕಿ ವರ್ಷಗಟ್ಟಲೆ ನಡೆಸಿದರೆ, ಗೆದ್ದಾಗ ಒಂದು ಪಾಲು ಕೇಳುವುದು ನಿಯಮಕ್ಕೆ ವಿರುದ್ಧವಾದರೂ ಲೋಕದ ಕಣ್ಣಿಗೆ ಅನ್ಯಾಯವಾಗಿ ಕಾಣುತ್ತಿರಲಿಲ್ಲ. ಆ ಪಾಲು, ಅವರು ಹೊತ್ತ ನಷ್ಟದ ಭಯಕ್ಕೆ ಸಿಕ್ಕ ಬೆಲೆ.

ಆ ಭಯ ಕ್ರಮೇಣ ಕರಗಿತು. 1989ರ ಜುಲೈ 1ರಂದು ಜಾರಿಗೆ ಬಂದ 1988ರ ಕಾಯ್ದೆ, ಮೂರನೆಯವರ ಸಾವುನೋವಿನ ವಿಷಯದಲ್ಲಿ ವಿಮಾ ಕಂಪನಿಯ ಹೊಣೆಗಿದ್ದ ಮಿತಿಯನ್ನು ತೆಗೆಯಿತು. 1994ರ ತಿದ್ದುಪಡಿ ಕಾಲಮಿತಿಯನ್ನೇ ತೆಗೆದುಹಾಕಿತು. ಅರ್ಜಿದಾರ ತಾನು ವಾಸಿಸುವ ಊರಿನಲ್ಲೇ ಕೇಸು ಹಾಕಬಹುದೆಂದಿತು. 2008ರಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಹೈಕೋರ್ಟಿನ ಪೀಠಗಳು ಶುರುವಾದವು. 2009ರ ಸರಳಾ ವರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ವಾರ್ಷಿಕ ದುಡಿಮೆಯನ್ನು ಎಷ್ಟರಿಂದ ಗುಣಿಸಬೇಕೆಂದು ವಯಸ್ಸಿಗೆ ತಕ್ಕ ಗುಣಕಗಳ ಪಟ್ಟಿ ಕೊಟ್ಟಿತು. 2017ರ ಪ್ರಣಯ್ ಸೇಥಿ ತೀರ್ಪು ಸಾವಿನ ಕೇಸುಗಳಲ್ಲಿ ಅಂತ್ಯಕ್ರಿಯೆಯ ವೆಚ್ಚದಂಥ ಬಾಬ್ತುಗಳನ್ನೂ ನಿಗದಿ ಮಾಡಿತು. ಆದಾಯದ ದಾಖಲೆ ಇಲ್ಲದವರಿಗೆ ಯಾವ ವರ್ಷ ಎಷ್ಟು ಆದಾಯ ಹಿಡಿಯಬೇಕೆಂದು ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕೋಷ್ಟಕವೇ ಇದೆ. ಲೋಕ ಅದಾಲತ್ತಿಗೆಂದು ಮಾಡಿದ್ದನ್ನು ಹೈಕೋರ್ಟೂ ಆಧಾರವಾಗಿ ಹಿಡಿಯುತ್ತ ಬಂದಿದೆ. ವಾಹನಕ್ಕೆ ವಿಮೆಯಿದ್ದು, ಚಾಲಕನಿಗೆ ಲೈಸೆನ್ಸ್ ಇದ್ದು, ತಪ್ಪು ಯಾರದೆಂದು ದೋಷಾರೋಪ ಪಟ್ಟಿಯಲ್ಲಿ ಸ್ಪಷ್ಟವಾಗಿದ್ದರೆ, ಸಾವಿನ ಕೇಸಿನಲ್ಲಿ ಪರಿಹಾರ ಹೆಚ್ಚುಕಡಿಮೆ ಎಷ್ಟಾಗುತ್ತದೆಂದು ವಕಾಲತ್ತಿಗೆ ಸಹಿ ಹಾಕುವ ದಿನವೇ ಕಾಗದದ ಮೇಲೆ ಹಾಕಿ ತೋರಿಸಬಹುದು. ಸೋಲುವ ಭಯ ಇಲ್ಲದ ಕಡೆ ಆ ಭಯದ ಬೆಲೆಯನ್ನು ಕೊಡುವುದೇಕೆ?

ಹಾಗಾದರೆ ಗುಣಾಕಾರ ಬಲ್ಲ ಯಾರಾದರೂ ಸಾಕು, ವಕೀಲರೇ ಬೇಡ ಎನ್ನುವವರಿದ್ದಾರೆ. ಗಾಯಾಳುವಿನ ಕೇಸಿನಲ್ಲಿ ಈ ಮಾತು ನಿಲ್ಲುವುದಿಲ್ಲ. ಗುಣಕ ಸ್ಥಿರ, ಅದರ ಜೊತೆಗೆ ಗುಣಿಸುವ ಅಂಗವಿಕಲತೆಯ ಪ್ರಮಾಣ ಸ್ಥಿರವಲ್ಲ. 35 ವರ್ಷದ ಗಾರೆ ಕೆಲಸದವನ ತಿಂಗಳ ದುಡಿಮೆ 12,000 ರೂಪಾಯಿ ಎಂದುಕೊಳ್ಳಿ. ಅವನ ವಯಸ್ಸಿಗೆ ಗುಣಕ 16. ಬಲಗಾಲಿಗೆ ಶೇ 45 ಊನವಿದೆ ಎಂದು ವೈದ್ಯರು ಹೇಳಿದರೆ, ಅದರ ಮೂರನೇ ಒಂದನ್ನು ಇಡೀ ದೇಹದ ಊನವೆಂದು ಹಿಡಿಯುವುದು ಇಲ್ಲಿನ ರೂಢಿ. ಆ ಶೇ 15ರ ಲೆಕ್ಕದಲ್ಲಿ ದುಡಿಮೆಯ ನಷ್ಟ 3,45,600 ರೂಪಾಯಿ. ಆದರೆ ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ತೀರ್ಪು ಹೇಳುವುದು ಬೇರೆ: ದೇಹಕ್ಕೆ ಎಷ್ಟು ಊನ ಎನ್ನುವುದಕ್ಕಿಂತ, ಆ ಊನದಿಂದ ಈ ಮನುಷ್ಯನ ಈ ಕಸುಬಿಗೆ ಎಷ್ಟು ಪೆಟ್ಟು ಎಂದು ನೋಡಬೇಕು. ಸಾರ್ವೆ ಹತ್ತಲಾಗದ, ಸಿಮೆಂಟಿನ ಬಾಂಡಲಿ ಹೊರಲಾಗದ ಗಾರೆಯವನ ನಷ್ಟ ಶೇ 40 ಎಂದು ನ್ಯಾಯಮಂಡಳಿ ಒಪ್ಪಿದರೆ ಅದೇ ಲೆಕ್ಕ 9,21,600 ಆಗುತ್ತದೆ. ಕಾಲು ಕಳೆದುಕೊಂಡ ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬರ ಕೇಸಿನಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು ದುಡಿಮೆಯ ನಷ್ಟವನ್ನು ಶೇ 85 ಎಂದು ಹಿಡಿದದ್ದು ಈ ತತ್ವದಿಂದಲೇ. ಇದು ತಾನಾಗಿ ಆಗುವುದಲ್ಲ. ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಸಾಕ್ಷಿಗೆ ಕರೆತರಬೇಕು, ಕೆಲಸ ಕೊಡುತ್ತಿದ್ದ ಮೇಸ್ತ್ರಿಯನ್ನು ಕಟಕಟೆಗೆ ಹತ್ತಿಸಬೇಕು, ವೂಂಡ್ ಸರ್ಟಿಫಿಕೇಟಿನಿಂದ ಔಷಧಿ ಚೀಟಿಯವರೆಗೆ ಎಲ್ಲವನ್ನೂ ಹೊಂದಿಸಬೇಕು, ವಿಮಾ ವಕೀಲರ ಪಾಟೀಸವಾಲಿಗೆ ಕಕ್ಷಿದಾರನನ್ನು ಅಣಿ ಮಾಡಬೇಕು. ಅಂದರೆ ವಕೀಲರ ಜಾಣತನ ವಾದದ ಕೊನೆಯ ದಿನದಿಂದ ಸಾಕ್ಷ್ಯ ಕೂಡಿಸುವ ಮೊದಲ ತಿಂಗಳುಗಳಿಗೆ ಸರಿದಿದೆ. ಆದರೂ ಶೇಕಡಾವಾರು ಫೀಸು ಈ ದುಡಿಮೆಯನ್ನು ಅಳೆಯುವುದಿಲ್ಲ. ಲೋಕ ಅದಾಲತ್ತಿನಲ್ಲಿ ಬೇಗನೆ ರಾಜಿಯಾದ ಕೇಸಿಗೂ, ಐದು ಸಾಕ್ಷಿಗಳನ್ನು ಕರೆತಂದು ಹೋರಾಡಿದ ಕೇಸಿಗೂ ಅದೇ ದರ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಆಸ್ಪತ್ರೆಗೆ ಒಡವೆ ಅಡವಿಟ್ಟ ಕುಟುಂಬ ಮುಂಗಡ ಫೀಸು ಎಲ್ಲಿಂದ ತಂದೀತು? ಪಾಲಿನ ಪದ್ಧತಿ ಇಲ್ಲದಿದ್ದರೆ ಬಡವನಿಗೆ ಕೋರ್ಟಿನ ಬಾಗಿಲೇ ತೆರೆಯದು ಎಂಬ ಈ ಮಾತಿನಲ್ಲಿ ಸತ್ಯವಿದೆ. ಆದರೆ ಹಣ ಬಂದ ಮೇಲೆ ಕೊಡುವುದು ಒಂದು, ಬಂದ ಹಣದಲ್ಲಿ ಪಾಲು ಕೊಡುವುದು ಇನ್ನೊಂದು. ಫೀಸು ಇಂತಿಷ್ಟು ಎಂದು ಮೊದಲೇ ಬರೆದುಕೊಂಡು, ಅದನ್ನು ತಡವಾಗಿ ಪಡೆಯಲು ವಕೀಲರಿಗೆ ಅಡ್ಡಿಯೇನಿಲ್ಲ. ಬಾರ್ ಕೌನ್ಸಿಲಿನ ನಿಯಮ ನಿಷೇಧಿಸುವುದು ಫಲಿತಾಂಶಕ್ಕೆ ಗಂಟು ಹಾಕಿದ ಫೀಸನ್ನು, ಗೆದ್ದ ಹಣದಲ್ಲಿ ಹಂಚಿಕೆಯನ್ನು. 2017ರಲ್ಲಿ ತೆಲಂಗಾಣದ ಅಪಘಾತದ ಕೇಸೊಂದರಲ್ಲಿ, ಶೇಕಡಾವಾರು ಫೀಸಿಗೆಂದು ವಿಧವೆಯಿಂದ ಪಡೆದ ಚೆಕ್ ಅಮಾನ್ಯವಾದಾಗ ವಕೀಲರು ಹೂಡಿದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಅಂಥ ಫೀಸು ಸಾರ್ವಜನಿಕ ನೀತಿಗೆ ವಿರುದ್ಧ, ವೃತ್ತಿ ದುರ್ನಡತೆ ಎಂದಿತು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಉಚಿತವಾಗಿ ವಕೀಲರನ್ನು ಪಡೆಯಬಹುದು. ಅಲ್ಲಿ ಸಿಗುವ ವಕೀಲರಿಗೆ ಆಸಕ್ತಿ ಕಡಿಮೆ ಎಂಬ ದೂರು ಪೂರ್ತಿ ಸುಳ್ಳಲ್ಲ. ಆದರೆ ಪಾಲು ಪಡೆಯುವವರಿಗೆಲ್ಲ ಆಸಕ್ತಿ ಹೆಚ್ಚು ಎಂಬುದೂ ನಿಜವಲ್ಲ.

ಇಷ್ಟಾದರೂ ಪಾಲು ಉಳಿದಿರುವುದಕ್ಕೆ ಕಾರಣ ಬೇರೆಯೇ ಇದೆ. ಅಪಘಾತ ನಡೆದ ಊರಿನಾಚೆಯೂ ಕೇಸು ಹಾಕಬಹುದಾದ ಮೇಲೆ ಗಾಯಾಳುವಿಗಾಗಿ ಪೈಪೋಟಿ ಶುರುವಾಯಿತು. ವಕೀಲರು ಜಾಹೀರಾತು ಕೊಡುವಂತಿಲ್ಲ. ಆ ಜಾಗಕ್ಕೆ ಏಜೆಂಟರು ಬಂದರು. ಆಸ್ಪತ್ರೆಯ ವಾರ್ಡಿನಲ್ಲೇ ಖಾಲಿ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿಸುವವರು ಇವರೇ. ಏನೂ ತಿಳಿಯದವರಿಗೆ ಹಕ್ಕಿದೆ ಎಂದು ಹೇಳುವವರಾದರೂ ಇದ್ದಾರಲ್ಲ ಎಂದು ಇವರನ್ನು ಸಮರ್ಥಿಸುವುದುಂಟು. ಆದರೆ ಆ ಒಂದು ಮಾತಿಗೆ ಕೊಡುವ ಬೆಲೆ ದೊಡ್ಡದು. ಕಕ್ಷಿದಾರ ಕೊಡುವ ಶೇಕಡಾದೊಳಗೆ ಏಜೆಂಟನ ಕಮಿಷನ್ನೂ ಸೇರಿರುತ್ತದೆ. ಒಂದು ಕಾಲದಲ್ಲಿ ವಕೀಲರ ಧೈರ್ಯಕ್ಕೆ ಸಂದ ಹಣ, ಈಗ ಕೇಸು ಹಿಡಿದು ತಂದವನ ಓಡಾಟಕ್ಕೆ ಸಲ್ಲುತ್ತಿದೆ.

2022ರ ಏಪ್ರಿಲ್‌ನಿಂದ ಆರು ತಿಂಗಳ ಕಾಲಮಿತಿಯನ್ನು ಕಾಯ್ದೆ ಮತ್ತೆ ತಂದಿದೆ. ಅದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದ್ದರೂ ಆ ಭರವಸೆಯಲ್ಲಿ ಯಾರೂ ಕಾಯಬಾರದು. ಅವಸರದಲ್ಲಿ ಸಿಕ್ಕವರಿಗೆ ಸಹಿ ಹಾಕುವ ಅಪಾಯ ಇದರಿಂದ ಹೆಚ್ಚಿದೆ. ಇನ್ನೊಂದು ಕಡೆ, ಪೊಲೀಸರೇ ವಿವರವಾದ ಅಪಘಾತ ವರದಿಯನ್ನು 90 ದಿನಗಳಲ್ಲಿ ನ್ಯಾಯಮಂಡಳಿಗೆ ಕೊಡಬೇಕೆಂಬ ನಿಯಮವಿದೆ; ಪರಿಹಾರವನ್ನು ನೇರವಾಗಿ ಅರ್ಜಿದಾರರ ಬ್ಯಾಂಕ್ ಖಾತೆಗೆ ಹಾಕಬೇಕೆಂದು 2025ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಾಗದಪತ್ರವೂ ಹಣವೂ ಇನ್ನೊಬ್ಬರ ಕೈಯಲ್ಲಿ ಸಿಕ್ಕಿಕೊಳ್ಳುವ ಕಾಲ ಹೀಗೆ ಹಿಂದೆ ಸರಿಯುತ್ತಿರುವಾಗ, ಕಕ್ಷಿದಾರ ಕೇಳುವ ಪ್ರಶ್ನೆಯೂ ಬದಲಾಗಬೇಕು. ‘ಎಷ್ಟು ಪರ್ಸೆಂಟ್?’ ಎಂಬುದು ಚೌಕಾಸಿಯ ಪ್ರಶ್ನೆ. ಯಾವ ವೈದ್ಯರನ್ನು ಕರೆಸುತ್ತೀರಿ, ನನ್ನ ಕಸುಬಿನ ನಷ್ಟವನ್ನು ಹೇಗೆ ರುಜುವಾತು ಮಾಡುತ್ತೀರಿ, ಒಟ್ಟು ಫೀಸು ಎಷ್ಟು, ಅದನ್ನು ಬರೆದುಕೊಡುತ್ತೀರಾ? ಕೇಳಬೇಕಾದವು ಇವು. ಇವಕ್ಕೆ ನೇರವಾಗಿ ಉತ್ತರಿಸುವ ವಕೀಲರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ಏಜೆಂಟರ ಅಗತ್ಯವಿಲ್ಲ, ಹಾಗಾಗಿ ಅವರನ್ನು ನಾವೇ ಹುಡುಕಿಕೊಂಡು ಹೋಗಬೇಕು.